ಎಲೆಯ ಬೆನ್ನು

ಮೊದಲು ಎಲೆ ಮಗುಚಿ ನೋಡಬೇಕು.
ಮುಂದೆ ಎಲ್ಲರೂ ಮುಖ ತೊಳೆದುಕೊಂಡೇ ನಿಂತಿರುತ್ತಾರೆ,
ಕಾಯಿಲೆ ಕೂರುವುದು ಬೆನ್ನಿಗೆ.

ಮುಲುಂಡ್ ಪೂರ್ವ, ಬಿ ವಿಂಗಿನ ಹಿಂದೆ,
ನೀರಿನ ಟಾಂಕಿಗೂ ಸ್ಕೂಟರುಗಳಿಗೂ ನಡುವೆ
ಹದಿನಾರು ದಾಸವಾಳ, ಮೂರು ನಂದಬಟ್ಟಲು,
ಒಂದು ಗುಲಾಬಿ, ತೀರಿಕೊಂಡ ಯಾರದೋ ನೆನಪಿಗೆ.
"ಕರ್ಕೇರಾ ಸಾಹೇಬರು ಲ್ಯಾಬಿನಲ್ಲಿದ್ದವರು, ಅವರೇ ನೋಡಲಿ."
ಮೀಟಿಂಗಿನ ಚಹಾ ಮುಗಿಯುವುದರೊಳಗೆ ಠರಾವು.
ಮೂವತ್ತೊಂದು ವರ್ಷ ಗಾಜಿನ ಮೇಲೆ ಊರಿನ ರಕ್ತ ಸವರಿ
ಮಲೇರಿಯಾದ ಉಂಗುರ ಎಣಿಸಿದವನಿಗೆ
ಗಿಡ ಏನು ಮಹಾ ಅಂದುಕೊಂಡಿರಬೇಕು.
ನಾನೂ ಅಂದುಕೊಂಡೆ.

ಗುಲಾಬಿಯ ಎಲೆಯಂಚಿನಲ್ಲಿ ಅರ್ಧಚಂದ್ರ,
ಕಂಡಕ್ಟರು ಪಂಚು ಹೊಡೆದಷ್ಟು ಚೊಕ್ಕ.
ಸೆಕ್ರೆಟರಿ ದಾಮ್ಲೆ ಬಾಟಲಿ ಹಿಡಿದೇ ಬಂದ.
ತಡಿ ಮಾರಾಯ, ಇದು ತಿಂದದ್ದಲ್ಲ, ಕತ್ತರಿಸಿದ್ದು.
ಗೋಡೆಯ ಯಾವುದೋ ಮೊಳೆಕಿಂಡಿಯಲ್ಲಿ
ಒಂಟಿ ಜೇನೊಂದು ಮೊಟ್ಟೆಗೆ ಕೌದಿ ಹೊಲಿಯುತ್ತಿದೆ.
ಗಿಡಕ್ಕೆ ಜ್ವರವಿಲ್ಲ, ಔಷಧಿ ಬೇಡ.
ಚೀಟಿಯಲ್ಲಿ ಬರೆದೆ: ನಾರ್ಮಲ್.
ದಾಮ್ಲೆಗೆ ನಿರಾಸೆಯಾಯಿತು.

ನಂದಬಟ್ಟಲಿನಲ್ಲಿ ಎಲೆಯೇ ಇಲ್ಲ, ಬರೀ ನರ.
ಕೆಳಗೆ ಕರಿಮೆಣಸಿನಂಥ ಹಿಕ್ಕೆ.
ಹಿಕ್ಕೆ ಸುಳ್ಳು ಹೇಳುವುದಿಲ್ಲ. ಲ್ಯಾಬಿನಲ್ಲೂ
ಡಬ್ಬಿ ತಂದವರು ನಾಚುತ್ತಿದ್ದರು, ನಾನಲ್ಲ.
ಅಲ್ಲಿಂದ ನೇರ ಮೇಲೆ ಕತ್ತೆತ್ತಿದರೆ
ಹಸಿರೊಳಗೆ ಹಸಿರಾಗಿ, ಬೆರಳು ದಪ್ಪ,
ಬಾಲದಲ್ಲೊಂದು ಕೊಂಬು, ಭುಜದಲ್ಲಿ ನೀಲಿ ಕಣ್ಣು.
ಎ ವಿಂಗಿನ ಊರ್ಜಾ ಅದನ್ನು ಶೂ ಡಬ್ಬಿಯಲ್ಲಿ ಮನೆಗೊಯ್ದಳು.
ಅವಳಮ್ಮನ ಕೂಗು ಮೂರನೇ ಮಹಡಿಯಿಂದ ಕೇಳಿಸಿತು.
ಚಿಕಿತ್ಸೆ ಮುಗಿಯಿತು.

ದಾಸವಾಳವೇ ಬೇರೆ.
ತುದಿಗಳು ಮುಷ್ಟಿ ಬಿಗಿದಿವೆ, ಮೊಗ್ಗು ಬಿರಿಯದೆ ಉದುರಿವೆ,
ಕೊಂಬೆಯ ಕಂಕುಳಲ್ಲಿ ಇಡ್ಲಿಹಿಟ್ಟು ಒಣಗಿದಂತೆ ಬಿಳಿ,
ಎಲೆಗೆಲ್ಲ ಅಂಟು, ಅಂಟಿನ ಮೇಲೆ ಮಸಿ.
ಹಿಟ್ಟುತಿಗಣೆ.
ಮೇಲಕ್ಕೂ ಕೆಳಕ್ಕೂ ಇರುವೆ, ಬೆಳಗಿನ ದಾದರ್ ಸೇತುವೆ,
ತಿಗಣೆಯ ಬೆನ್ನು ತಟ್ಟಿ ಸಿಹಿ ಕುಡಿಯುತ್ತ,
ಮರಿಗಳನ್ನು ಹೊಸ ಚಿಗುರಿಗೆ ಹೊತ್ತು ಹಾಕುತ್ತ.

ಇರುವೆ ಹೋದ ವರ್ಷವೂ ಇತ್ತು. ತಿಗಣೆಯೂ, ಒಂದೆರಡು.
ತಿನ್ನುವುದಕ್ಕೆ ಗುಲಗಂಜಿ ಹುಳ ಇತ್ತು, ಚುಕ್ಕೆ ಬೆನ್ನಿನದು.
ಭೂತಗನ್ನಡಿ ಹಿಡಿದು ಹದಿನಾರೂ ಗಿಡ ಹುಡುಕಿದೆ.
ಒಂದೂ ಇಲ್ಲ.
ಸೊಂಟ ಹಿಡಿದು ಟಾಂಕಿಯ ಕಟ್ಟೆಗೆ ಕೂತಾಗ
ನೆನಪಾಯಿತು: ಗುರುವಾರಗಳ ಹೊಗೆ.
ವಾರ್ಡ್ ಆಫೀಸಿನವನು ಹೆಗಲಿಗೆ ಯಂತ್ರ ತೂಗಿಸಿಕೊಂಡು
ಬಿಳಿ ಮೋಡ ಬಿಡುತ್ತ ಪೊದೆಯೊಳಗೆ ನುಗ್ಗಿದ್ದು,
ಮಕ್ಕಳು ಕೇಕೆ ಹಾಕಿ ಹಿಂದೆ ಓಡಿದ್ದು.

ಆ ಹೊಗೆಗೆ ಅರ್ಜಿ ಬರೆದವನು ನಾನು.
ಎರಡು ಪುಟ, ಜ್ವರದ ಲೆಕ್ಕ ಸಮೇತ,
ಕೆಳಗೆ ಹಳೆಯ ಹುದ್ದೆಯ ಹೆಸರು.
ತಪ್ಪಲ್ಲ ಅದು. ಸಿ ವಿಂಗಿನ ಬಾಣಂತಿ
ಮೂರು ರಗ್ಗಿನೊಳಗೆ ನಡುಗಿದ್ದನ್ನು ನೋಡಿದ್ದೇನೆ.
ಆದರೂ ಚೀಟಿಯಲ್ಲಿ 'ಕಾರಣ' ಎಂದು ಬರೆದ ಮೇಲೆ
ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಆಮೇಲೆ, ಮೇಂಟೆನೆನ್ಸ್ ಬಿಲ್ಲಿನ ಹಿಂಬದಿಯಲ್ಲಿ:
ಮುಷ್ಟಿ ಬಿಗಿದ ತುದಿ ಕತ್ತರಿಸಿ ಚೀಲದಲ್ಲಿ ಗಂಟು ಕಟ್ಟಿ,
ಗೊಬ್ಬರದ ಗುಂಡಿಗೆ ಬೇಡ.
ಪೈಪಿನ ನೀರು ಜೋರಾಗಿ, ಎಲೆಯ ಬೆನ್ನಿಗೆ.
ಕಾಂಡಕ್ಕೆ ಪಟ್ಟಿ ಸುತ್ತಿ ಮೇಲೆ ಗ್ರೀಸು: ಇರುವೆಗೆ ರಸ್ತೆ ಬಂದ್.
ಲೀಟರು ನೀರಿಗೆ ಚಮಚ ಬೇವಿನೆಣ್ಣೆ, ಚೂರು ಸೋಪು,
ಬಿಸಿಲಿಳಿದ ಮೇಲೆ, ಮೊದಲು ಒಂದೇ ಕೊಂಬೆಗೆ.
ಹತ್ತು ದಿನ ಬಿಟ್ಟು ಮತ್ತೆ; ಮೊಟ್ಟೆಗಳು ಠರಾವು ಓದಿರುವುದಿಲ್ಲ.
ಹೊಗೆಯವನಿಗೆ ಹೇಳಿ, ಗಟಾರಕ್ಕೆ ಬಿಡು, ಗಿಡಕ್ಕೆ ಬೇಡ.

"ಕಾರಣದ ಜಾಗ ಖಾಲಿಯಿದೆಯಲ್ಲ?" ಅಂದ ದಾಮ್ಲೆ.
ಪಕ್ಕದಲ್ಲೇ ನನ್ನ ಸಹಿ ಇದೆಯಲ್ಲ, ಅಂದೆ.

ಹನ್ನೊಂದನೆಯ ದಿನ, ಸ್ಪ್ರೇ ಪಂಪು ತುಂಬಿಸಿಕೊಂಡು ಹೋಗಿ
ನಾಲ್ಕನೇ ದಾಸವಾಳದ ಎಲೆ ಮಗುಚಿದರೆ
ಹಳದಿ ಮೊಟ್ಟೆ, ಏಳೋ ಎಂಟೋ, ಒತ್ತಾಗಿ ನಿಂತಿವೆ.
ಯಾರವು ಅಂತ ನನಗೆ ಗೊತ್ತಿಲ್ಲ.
ಪಂಪು ಕೆಳಗಿಟ್ಟೆ.